ಮನೆತನವೋ, ಬಂದ ಕಷ್ಟವೋ

ಮನೋರೋಗ ವಿಭಾಗದ ಕೇಸ್ ಶೀಟಿನಲ್ಲಿ ಎಷ್ಟೋ ಕಲಮುಗಳು ಬಂದು ಹೋಗಿವೆ. ಎರಡು ಮಾತ್ರ ಕದಲಿಲ್ಲ. ಒಂದು, ಮನೆಯವರಲ್ಲಿ ಯಾರಿಗಾದರೂ ಹೀಗೆ ಆಗಿತ್ತೇ? ಇನ್ನೊಂದು, ಇದು ಶುರುವಾಗುವ ಮೊದಲು ಏನಾದರೂ ನಡೆದಿತ್ತೇ? ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಆಗಿ ನಾನು ನಿವೃತ್ತಿಯವರೆಗೆ ಸಂಬಳ ಉಂಡದ್ದು ಈ ಎರಡು ಪ್ರಶ್ನೆಗಳ ಮೇಲೆ. ಡಾಕ್ಟರು ಮಾತ್ರೆ ಬರೆಯುವ ಮುಂಚೆ ಮನೆಯವರನ್ನು ಕೂರಿಸಿಕೊಂಡು ಹಿಸ್ಟರಿ ತೆಗೆಯುವುದು ನಮ್ಮ ಪಾಲಿನ ಕೆಲಸ.

ಎರಡಕ್ಕೂ ಮೊದಲು ಬರುವ ಉತ್ತರ ಒಂದೇ. ಇಲ್ಲ. "ನಮ್ಮ ಮನ್ಯಾಗ ಯಾರಿಗೂ ಹಂಗ ಇಲ್ರಿ." ಮನೆಯಲ್ಲಿ ಮದುವೆಗೆ ಬಂದ ಹುಡುಗಿಯೊಬ್ಬಳಿದ್ದರಂತೂ ಸೋದರತ್ತೆಯ ಕಾಯಿಲೆ ಯಾರ ನೆನಪಿಗೂ ಬರುವುದಿಲ್ಲ. ನಡೆದದ್ದೇನು ಎಂದರೂ ಅಷ್ಟೇ. ಕಷ್ಟವೆಂಬುದು ಎಲ್ಲರಿಗೂ ಇದ್ದದ್ದೇ, ಅದನ್ನು ಆಸ್ಪತ್ರೆಯಲ್ಲಿ ಏನೆಂದು ಹೇಳುವುದು?

ತಾಲ್ಲೂಕು ಕ್ಲಿನಿಕ್ಕಿಗೆ ಬಂದ ನಲವತ್ತರ ಆಸುಪಾಸಿನ ಒಬ್ಬಾಕೆ ಹೀಗೇ "ಏನೂ ಆಗಿಲ್ರಿ, ಸುಮ್ನ ಬ್ಯಾಸರ, ಎದಿ ಭಾರ" ಎಂದಷ್ಟೇ ಹೇಳಿ ಕೂತಳು. ನಾನು ಪ್ಯಾಡು ಮುಚ್ಚಿದೆ. ಅವಳು ಚೀಲ ಎತ್ತಿಕೊಂಡಳು. ಊರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಸುಮ್ಮನೆ ಕೇಳಿದೆ. ಮೊದಲಾದರೆ ಬಸ್ಸು ತಪ್ಪಿದರೆ ಇದೇ ಊರಿನ ತಮ್ಮನ ಮನೆಯಲ್ಲಿ ಉಳಿಯುತ್ತಿದ್ದಳಂತೆ, ಈಗ ಇಲ್ಲವಂತೆ. ಯಾಕೆ ಎಂದಾಗ ಚೀಲ ಮತ್ತೆ ಕೆಳಗಿಳಿಯಿತು. ಹೊಲದ ಹಿಸ್ಸೆಗೆ ಸಹಿ ಹಾಕುವುದಿಲ್ಲ ಎಂದದ್ದಕ್ಕೆ ತವರಿನ ಬಾಗಿಲು ಮುಚ್ಚಿತ್ತು. ಅದಾಗಿ ನಾಲ್ಕು ತಿಂಗಳಿಗೆ ನಿದ್ದೆ ಹೋಯಿತು, ಒಲೆಯ ಮುಂದೆ ಕೂತರೆ ಎದ್ದೇಳಲು ಮನಸ್ಸಾಗದು. ಅದೇ ಉಸಿರಿನಲ್ಲಿ, ಅವಳ ಅವ್ವನೂ ಒಂದು ಮಳೆಗಾಲ ಪೂರ್ತಿ ಹಿತ್ತಲ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ ಎಂದೂ ಹೇಳಿದಳು. ನಿಂತು ಆಡಿದ ಮಾತಿನಲ್ಲಿ ಎರಡೂ ಕಲಮು ತುಂಬಿದವು.

ನಮ್ಮ ಹಾಳೆಯಲ್ಲಿ ಹೀಗೆ ಮೇಲೆ ಕೆಳಗೆ ನೆಂಟರಂತೆ ಕೂತಿರುವ ಈ ಎರಡು ಪ್ರಶ್ನೆಗಳಿಗೆ ನೂರಾರು ವರ್ಷ ಸರಿಬರಲಿಲ್ಲ. ರಕ್ತದಲ್ಲಿದೆ ಎನ್ನುವವರದ್ದು ಒಂದು ಪಕ್ಷ, ಬದುಕು ಕೊಟ್ಟ ಪೆಟ್ಟು ಎನ್ನುವವರದ್ದು ಇನ್ನೊಂದು. ಈ ವ್ಯಾಜ್ಯದ ದೊಡ್ಡ ಪಾಲು ದಕ್ಷಿಣ ಲಂಡನ್ನಿನ ಒಂದೇ ಬಡಾವಣೆಯಲ್ಲಿ ನಡೆಯಿತು ಎಂಬುದು ನನಗೆ ಮನದಟ್ಟಾದದ್ದು ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋದ ಮೇಲೆ. 68ನೇ ನಂಬರಿನ ಬಸ್ಸು ಕ್ಯಾಂಬರ್‌ವೆಲ್ ದಾಟಿ ಡೆನ್ಮಾರ್ಕ್ ಹಿಲ್ ಎಂಬ ಏರು ಹತ್ತುತ್ತದೆ. ಒಂದು ಬದಿಗೆ ಕಿಂಗ್ಸ್ ಕಾಲೇಜ್ ಆಸ್ಪತ್ರೆ, ಎದುರಿಗೆ ಕೆಂಪು ಇಟ್ಟಿಗೆಯ, ಮುಂದೆ ಕಂಬಗಳಿರುವ ಮಾಡ್ಸ್ಲಿ ಆಸ್ಪತ್ರೆ, ಅದರ ಹಿಂದೆ ಇನ್‌ಸ್ಟಿಟ್ಯೂಟ್ ಆಫ್ ಸೈಕಿಯಾಟ್ರಿ. ಬೆಂಗಳೂರಿನಲ್ಲಿ ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಹೆಸರುಗಳಲ್ಲಿ ಅರ್ಧದಷ್ಟು ಜನ ಇದೇ ರಸ್ತೆಯಲ್ಲಿ ಓಡಾಡಿದವರು.

ಕ್ಯಾಂಬರ್‌ವೆಲ್‌ಗೆ ಹೋಗುವ ಮೊದಲು ನಮ್ಮ ನೆಲದಲ್ಲೇ ನಡೆದ ಒಂದು ತನಿಖೆಯ ಸಂಗತಿ ಹೇಳಬೇಕು. 19ನೇ ಶತಮಾನದ ಹುಚ್ಚಾಸ್ಪತ್ರೆಗಳ ದಫ್ತರದಲ್ಲಿ 'ಕಾರಣ' ಎಂಬ ಒಂದು ಕಲಮು ಇರಲೇಬೇಕಿತ್ತು. ಇಂಗ್ಲೆಂಡಿನ ಪಟ್ಟಿಗಳಲ್ಲಿ ಆನುವಂಶಿಕತೆ, ದುಃಖ, ಪ್ರೇಮಭಂಗ, ಕುಡಿತ, ಧರ್ಮದ ಹುಚ್ಚು ಎಲ್ಲ ಸಾಲಾಗಿ ಬರುತ್ತಿದ್ದವು. ಒಳಗೇ ಇದ್ದು ದಾರಿ ಮಾಡಿಕೊಡುವ ಕಾರಣ ಬೇರೆ, ಹೊರಗಿನಿಂದ ಬಂದು ಕೆರಳಿಸುವ ಕಾರಣ ಬೇರೆ ಎಂಬ ವಿಂಗಡಣೆಯೂ ಇತ್ತು. ಬ್ರಿಟಿಷ್ ಇಂಡಿಯಾದಲ್ಲಿ ಈ ಕಲಮನ್ನು ತುಂಬುತ್ತಿದ್ದವರು ಬಹುಪಾಲು ಪೊಲೀಸರು. ರೋಗಿಯನ್ನು ಹಿಡಿದು ತಂದವರು ಅವರು, ಜೊತೆಗಿದ್ದ ಕಾಗದದಲ್ಲಿ ಏನಾದರೂ ಬರೆಯಲೇಬೇಕು, ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ಆದ್ದರಿಂದ ಗಾಂಜಾ ಎಂದು ಬರೆದು ಮುಗಿಸುತ್ತಿದ್ದರು. ಆಸ್ಪತ್ರೆಯ ಸೂಪರಿಂಟೆಂಡೆಂಟು ಅದನ್ನೇ ತನ್ನ ರಿಜಿಸ್ಟರಿಗೆ ಇಳಿಸುತ್ತಿದ್ದ, ವರ್ಷದ ಕೊನೆಗೆ ಅದೇ ಅಂಕಿಅಂಶವಾಗಿ ಸರ್ಕಾರಕ್ಕೆ ಹೋಗುತ್ತಿತ್ತು.

1893ರಲ್ಲಿ ಗಾಂಜಾ, ಭಂಗಿ, ಚರಸ್ಸಿನ ಬಗ್ಗೆ ವಿಚಾರಿಸಲು ನೇಮಕವಾದ ಆಯೋಗ ಈ ಕಲಮಿನ ಮೇಲೆಯೇ ಕೈಯಿಟ್ಟಿತು. 1892ರಲ್ಲಿ ಹುಚ್ಚಾಸ್ಪತ್ರೆಗಳಿಗೆ ದಾಖಲಾದ 1,344 ಜನರಲ್ಲಿ 222 ಜನರ ಮುಂದೆ ಈ ಮಾದಕಗಳೇ ಕಾರಣವೆಂದು ಬರೆದಿತ್ತು. ಆಯೋಗ ಒಂದೊಂದು ಪ್ರಕರಣವನ್ನೂ ಹಿಂಬಾಲಿಸಿ, ಊರಿನವರನ್ನು, ಬಂಧುಗಳನ್ನು ವಿಚಾರಿಸಿತು. ಕೊನೆಗೆ ನಿಂತದ್ದು 98. ಅದರಲ್ಲೂ ಬೇರೆ ಕಾರಣ ಬೆರೆಯದೆ ಮಾದಕವೊಂದೇ ಎನ್ನಬಹುದಾದದ್ದು 61. ಕೆಲವರ ಮನೆತನದಲ್ಲೇ ಕಾಯಿಲೆ ಇತ್ತು, ಕೆಲವರಿಗೆ ಹುಚ್ಚು ಹಿಡಿದ ಮೇಲೆ ಗಾಂಜಾ ಹತ್ತಿತ್ತು. ನಮ್ಮ ಕಸುಬಿನ ಇತಿಹಾಸದಲ್ಲಿ ನನಗೆ ತುಂಬ ಮೆಚ್ಚಿಗೆಯಾದ ತನಿಖೆ ಇದು. ಅದು ನಡೆದದ್ದು ತೆರಿಗೆ ಮತ್ತು ಮಾದಕ ವಸ್ತುವಿನ ಸಲುವಾಗಿ, ರೋಗಿಗಳ ಮೇಲಿನ ಕನಿಕರದಿಂದಲ್ಲ ಎಂಬುದು ಬೇರೆ ಮಾತು.

ಈಗ ಡೆನ್ಮಾರ್ಕ್ ಹಿಲ್‌ಗೆ ಬರೋಣ. ಆಸ್ಪತ್ರೆಗೆ ಹೆಸರು ಕೊಟ್ಟ ಹೆನ್ರಿ ಮಾಡ್ಸ್ಲಿ ಆನುವಂಶಿಕತೆಯ ಪಕ್ಕಾ ನಂಬಿಗಸ್ತ. ಅಪ್ಪ ಅಮ್ಮನಿಂದ ಬಂದ ಮೈಕಟ್ಟಿನ ಹಿಡಿತದಿಂದ ಮನುಷ್ಯ ತಪ್ಪಿಸಿಕೊಳ್ಳಲಾರ ಎಂದು ಅವನ ಪುಸ್ತಕಗಳು ಸಾರಿಸಾರಿ ಹೇಳುತ್ತವೆ. ಕಾಯಿಲೆ ಬೇರೂರುವ ಮೊದಲೇ ಚಿಕಿತ್ಸೆ ಕೊಡುವ ಆಸ್ಪತ್ರೆ ಕಟ್ಟಲು ಲಂಡನ್ ಕೌಂಟಿ ಕೌನ್ಸಿಲ್ಲಿಗೆ 30,000 ಪೌಂಡ್ ಕೊಟ್ಟವನೂ ಅವನೇ. ತಪ್ಪಿಸಿಕೊಳ್ಳಲಾಗದ ಕಾಯಿಲೆಗೆ ಮುಂಜಾಗ್ರತೆಯ ಆಸ್ಪತ್ರೆ! ಕಟ್ಟಡ ಏಳುವ ಹೊತ್ತಿಗೆ ಮೊದಲ ಮಹಾಯುದ್ಧ ಬಂತು. ಫಿರಂಗಿಯ ಸದ್ದಿಗೆ ನಡುಗಿ ಬಾಯಿ ಕಟ್ಟಿದ ಸಿಪಾಯಿಗಳೇ ಅದರ ಮೊದಲ ರೋಗಿಗಳು. ಅಲ್ಲಿ ಕೆಲಸ ಮಾಡಿದ ಫ್ರೆಡರಿಕ್ ಮಾಟ್ ಆ ಸಿಪಾಯಿಗಳ ಕುಟುಂಬದ ಚರಿತ್ರೆ ಕೆದಕಿ, ಬಿದ್ದವರಲ್ಲಿ ಮೊದಲೇ ಒಂದು ದುರ್ಬಲತೆ ಇತ್ತು ಎಂಬ ಕಡೆಗೆ ವಾಲಿದ. ಈ ತೀರ್ಮಾನದಲ್ಲಿ ಪಿಂಚಣಿಯ ಲೆಕ್ಕವೂ ಅಡಗಿತ್ತು. ಮನೆತನದ್ದು ಎಂದಾದರೆ ಸರ್ಕಾರದ ಹೊಣೆ ಅಷ್ಟು ಹಗುರ. ಸಾಮಾನ್ಯ ಜನರಿಗೆ ಆಸ್ಪತ್ರೆ ತೆರೆದದ್ದು 1923ರಲ್ಲಿ.

ಅಲ್ಲಿಗೆ ಬಂದ ಆಸ್ಟ್ರೇಲಿಯಾದ ಆಬ್ರಿ ಲೂಯಿಸ್ 1934ರಲ್ಲಿ ಮಾಡಿದ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಆಗ ಖಿನ್ನತೆಯಲ್ಲಿ ಎರಡು ಜಾತಿ ಎಂದು ನಂಬಿದ್ದರು. ಒಳಗಿನಿಂದ ತಾನಾಗಿ ಹುಟ್ಟುವುದು ಒಂದು, ಹೊರಗಿನ ಪೆಟ್ಟಿಗೆ ಪ್ರತಿಕ್ರಿಯೆಯಾಗಿ ಬರುವುದು ಇನ್ನೊಂದು. ನಾನು ಕೆಲಸಕ್ಕೆ ಸೇರಿದಾಗಲೂ ಹಿರಿಯ ಡಾಕ್ಟರುಗಳು ಹಾಗೆಯೇ ಬರೆಯುತ್ತಿದ್ದರು. ಲೂಯಿಸ್ 61 ರೋಗಿಗಳ ಬದುಕನ್ನು ಎಳೆಎಳೆಯಾಗಿ ಬಿಡಿಸಿ ನೋಡಿದ. ಹಿಂದೆ ಏನೂ ಇಲ್ಲ ಎಂದುಕೊಂಡವರ ಬದುಕಿನಲ್ಲಿ ಕೆದಕಿದಷ್ಟೂ ಏನೋ ಸಿಕ್ಕಿತು; ಪೆಟ್ಟು ತಿಂದು ಬಿದ್ದವರಲ್ಲೂ ಮೊದಲಿನಿಂದ ಇದ್ದ ಒಂದು ಸ್ವಭಾವ ಕಂಡಿತು. ಹಾಗಾಗಿ ಈ ಗೆರೆಯೇ ನಿಲ್ಲುವುದಿಲ್ಲ, ಪ್ರತಿ ಕಾಯಿಲೆಯೂ ಆ ಮನುಷ್ಯ ಮತ್ತು ಅವನಿಗೆ ಎದುರಾದ ಸನ್ನಿವೇಶ ಎರಡೂ ಸೇರಿ ಆದದ್ದು ಎಂದ. ಎಪ್ಪತ್ತು ವರ್ಷ ಮುಂಚಿತವಾಗಿ ಆಡಿದ ಮಾತು. ಅವನ ಬಳಿ ವಂಶವಾಹಿ ಓದುವ ಯಂತ್ರವಿರಲಿಲ್ಲ. ಇದ್ದದ್ದು ಕುರ್ಚಿ ಎಳೆದುಕೊಂಡು ಕೂರುವ ಪುರುಸೊತ್ತು.

ಅದೇ ವರ್ಷಗಳಲ್ಲಿ ಮ್ಯೂನಿಕ್‌ನಲ್ಲಿ ಅರ್ನ್‌ಸ್ಟ್ ರೂಡಿನ್ ಎಂಬವನು ಮನೆತನದ ಪ್ರಶ್ನೆಯೊಂದನ್ನೇ ಹಿಡಿದು ಸಾವಿರಾರು ಕುಟುಂಬಗಳ ವಂಶಾವಳಿ ಕೂಡಿಸುತ್ತಿದ್ದ. ಇಂಥ ವಿದ್ಯೆಯ ಬಲದ ಮೇಲೆ 1933ರ ಜುಲೈಯಲ್ಲಿ ಹಿಟ್ಲರನ ಸರ್ಕಾರ ತಂದ ಸಂತಾನಹರಣ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಉನ್ಮಾದ-ಖಿನ್ನತೆಯೂ ಸೇರಿತ್ತು. ಸುಮಾರು 4 ಲಕ್ಷ ಜನರಿಗೆ ಬಲವಂತದ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಕೊಲೆಗಳು. ಮನೆಯವರಲ್ಲಿ ಯಾರಿಗಾದರೂ ಆಗಿತ್ತೇ ಎಂಬ ಪ್ರಶ್ನೆಗೆ ಆಗ ಒಂದು ಕುಟುಂಬ ನಿಜ ಹೇಳಿದರೆ ಅದರ ಫಲ ಇದು. ಮಾಡ್ಸ್ಲಿಯಿಂದ ಎಲಿಯಟ್ ಸ್ಲೇಟರ್ ಎಂಬ ಯುವ ವೈದ್ಯ ತಳಿಶಾಸ್ತ್ರ ಕಲಿಯಲು ಹೋದದ್ದೂ ಮ್ಯೂನಿಕ್‌ಗೇ. ಅಲ್ಲಿ ಪರಿಚಯವಾದ ಲಿಡಿಯಾ ಪಾಸ್ಟರ್ನಾಕ್, ಕವಿ ಬೋರಿಸ್ ಪಾಸ್ಟರ್ನಾಕನ ತಂಗಿ, ಯಹೂದಿ ಮನೆಯವಳು. ಇಬ್ಬರೂ ಇಂಗ್ಲೆಂಡಿಗೆ ಬಂದು 1935ರಲ್ಲಿ ಮದುವೆಯಾದರು. ಸ್ಲೇಟರ್ 1948ರಿಂದ ಮಾಡ್ಸ್ಲಿಗೆ ಬರುವ ಪ್ರತಿಯೊಬ್ಬ ರೋಗಿಯನ್ನೂ ನೀನು ಅವಳಿಯೇ ಎಂದು ಕೇಳಿಸಿ ರಿಜಿಸ್ಟರು ಇಡಿಸಿದ. ಯುದ್ಧದ ನಂತರ ಆನುವಂಶಿಕತೆಯ ಹೆಸರೆತ್ತಿದರೆ ಜನ ಮುಖ ತಿರುಗಿಸುತ್ತಿದ್ದ ಕಾಲದಲ್ಲಿ ಈ ವಿದ್ಯೆ ಉಳಿದ ಕೆಲವೇ ಜಾಗಗಳಲ್ಲಿ ಕ್ಯಾಂಬರ್‌ವೆಲ್ ಒಂದು.

ಇನ್ನೊಂದು ಪ್ರಶ್ನೆಗೆ ಬಲ ಬಂದದ್ದು ಅದೇ ಬಡಾವಣೆಯ ಮನೆಗಳಿಂದ. ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಆಸ್ಪತ್ರೆಯಲ್ಲಿ ಕಾಯದೆ ಕ್ಯಾಂಬರ್‌ವೆಲ್‌ನ ಬೀದಿಗಳಿಗೆ ಇಳಿದರು. ಅಲ್ಲಿಯ ಸಾಮಾನ್ಯ ಹೆಂಗಸರಲ್ಲಿ 458 ಜನರನ್ನು ಆರಿಸಿ ಅವರವರ ಮನೆಯಲ್ಲೇ ಮಾತಾಡಿಸಿದರು. 1978ರಲ್ಲಿ ಪುಸ್ತಕ ಬಂತು. ಕೆಲಸದ ರೀತಿ ಹೇಗಿತ್ತೆಂದರೆ, ಸಂದರ್ಶಕಿ ಟೇಪ್ ರೆಕಾರ್ಡರ್ ಇಟ್ಟು ಗಂಟೆಗಟ್ಟಲೆ ಕೂರುತ್ತಾಳೆ. ಗರ್ಭಿಣಿಯಾದೆ ಎಂದರೆ ಅಷ್ಟಕ್ಕೆ ಗುರುತು ಹಾಕಿ ಮುಂದೆ ಹೋಗುವುದಿಲ್ಲ. ಮನೆಯಲ್ಲಿ ಎಷ್ಟು ಕೋಣೆ, ಗಂಡ ಆಗ ಎಲ್ಲಿದ್ದ, ಇದು ಬೇಕೆಂದು ಆದದ್ದೇ, ಬಾಡಿಗೆ ಯಾರು ಕಟ್ಟುತ್ತಿದ್ದರು, ಯಾರ ಹತ್ತಿರ ಹೇಳಿಕೊಂಡೆ, ಎಲ್ಲವನ್ನೂ ಕೇಳುತ್ತಾಳೆ. ಆಮೇಲೆ ಆಕೆ ಅದನ್ನು ಒಂದು ಗುಂಪಿನ ಮುಂದೆ ಇಡಬೇಕು. ಆದರೆ ಎರಡು ಸಂಗತಿಯನ್ನು ಬಾಯಿ ಬಿಡುವಂತಿಲ್ಲ. ಆ ಹೆಂಗಸು ಕಾಯಿಲೆ ಬಿದ್ದಳೋ ಇಲ್ಲವೋ ಎಂಬುದು ಒಂದು. ಆ ಘಟನೆ ತನಗೆ ಎಷ್ಟು ನೋವು ಕೊಟ್ಟಿತೆಂದು ಅವಳು ಹೇಳಿಕೊಂಡದ್ದು ಇನ್ನೊಂದು. ಇಂಥ ಬದುಕಿನ ನಡುವೆ ಇರುವ ಯಾವ ಹೆಂಗಸಿಗಾದರೂ ಇದು ಎಷ್ಟು ಭಾರವಾದೀತು ಎಂದು ಗುಂಪು ಅಳೆದು ಅಂಕ ಕೊಡುತ್ತದೆ. ಖಿನ್ನತೆಯಲ್ಲಿರುವವರಿಗೆ ಹಿಂದಿನದೆಲ್ಲ ಕಪ್ಪಾಗಿ ಕಾಣುತ್ತದೆ, ಅವರು ಹೇಳುವ ಕಷ್ಟವನ್ನು ನಂಬುವುದು ಹೇಗೆ ಎಂಬ ಆಕ್ಷೇಪಕ್ಕೆ ಇದಕ್ಕಿಂತ ಜಾಣ ಉತ್ತರ ನನಗೆ ಬೇರೆ ಕಂಡಿಲ್ಲ.

ಸಿಕ್ಕಿದ್ದೇನು? ಕಾಯಿಲೆ ಬಿದ್ದ ಬಹುಪಾಲು ಹೆಂಗಸರ ಬದುಕಿನಲ್ಲಿ ಅದಕ್ಕೆ ಮುಂಚೆ ಒಂದು ದೊಡ್ಡ ಪೆಟ್ಟೋ, ಬಹುಕಾಲದ ತೊಂದರೆಯೋ ಇತ್ತು. ಆದರೆ ಪೆಟ್ಟು ತಿಂದವರೆಲ್ಲ ಬೀಳಲಿಲ್ಲ. ಬಿದ್ದವರಲ್ಲಿ ಹೆಚ್ಚಾಗಿ ಕಂಡ ನಾಲ್ಕು ಸಂಗತಿಗಳೆಂದರೆ ಮನಸ್ಸು ಬಿಚ್ಚಿ ಮಾತಾಡಲು ಒಬ್ಬರೂ ಇಲ್ಲದಿರುವುದು, 14ರೊಳಗಿನ ಮೂರು ಅಥವಾ ಹೆಚ್ಚು ಮಕ್ಕಳು ಮನೆಯಲ್ಲಿರುವುದು, ಹೊರಗೆ ಕೆಲಸವಿಲ್ಲದಿರುವುದು, 11 ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡಿರುವುದು. ಲೆಕ್ಕ ಹಾಕಿದ ಕ್ರಮ ಸರಿಯಿಲ್ಲವೆಂದು ಅದೇ ವರ್ಷ ಜಗಳ ಎದ್ದಿತು, ಬಹಳ ದಿನ ನಡೆಯಿತು. ನನಗೆ ಆ ಪಟ್ಟಿ ಓದಿದಾಗ ಧಾರವಾಡದ ಓಣಿಯ ಮನೆಗಳು ಕಣ್ಣ ಮುಂದೆ ಬಂದವು, ಲೆಕ್ಕದ ಜಗಳ ಬರಲಿಲ್ಲ.  

ಆದರೆ ಬ್ರೌನರ ಹಾದಿ ದುಬಾರಿ. ಅಮೆರಿಕದಲ್ಲಿ ಹೋಮ್ಸ್ ಮತ್ತು ರಾಹೆ 1967ರಲ್ಲೇ ಅಗ್ಗದ ದಾರಿಯೊಂದನ್ನು ತೋರಿಸಿದ್ದರು. 43 ಘಟನೆಗಳ ಪಟ್ಟಿ. ಸಂಗಾತಿಯ ಸಾವಿಗೆ 100 ಅಂಕ, ಮದುವೆಗೆ 50, ಕ್ರಿಸ್‌ಮಸ್ಸಿಗೆ 12. ಗುರುತು ಹಾಕಿ, ಕೂಡಿಸಿದರೆ ಮುಗಿಯಿತು. ನಮ್ಮವರೂ ಸುಮ್ಮನಿರಲಿಲ್ಲ. 1984ರಲ್ಲಿ ಪಟಿಯಾಲದ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು 51 ಘಟನೆಗಳ ಭಾರತೀಯ ಪಟ್ಟಿ ಮಾಡಿದರು. ಅದರಲ್ಲಿ ಕ್ರಿಸ್‌ಮಸ್ ಹೋಗಿ ವರದಕ್ಷಿಣೆಯ ಜಗಳ, ಮಕ್ಕಳಿಲ್ಲದಿರುವುದು, ಗಂಡು ಮಗು ಇಲ್ಲದಿರುವುದು, ಬೆಳೆ ಹಾನಿ, ಮಗಳ ಮದುವೆ ಬಂದವು. ಆ ಪಟ್ಟಿಯ ಸೈಕ್ಲೋಸ್ಟೈಲ್ ಪ್ರತಿಗಳನ್ನು ಕಂತೆಗಟ್ಟಲೆ ತುಂಬಿದವಳು ನಾನು. ಪಟ್ಟಿ ಒಳ್ಳೆಯದೇ. ಆದರೆ ಮಗಳ ಮದುವೆ ಎಂಬ ಒಂದೇ ಗುರುತಿನ ಹಿಂದೆ ಸಾಲವಿಲ್ಲದೆ ನಡೆದ ಮದುವೆಯೂ ಇರುತ್ತದೆ, ಇದ್ದ ಎರಡೆಕರೆ ಹೋದ ಮದುವೆಯೂ ಇರುತ್ತದೆ. ಎರಡಕ್ಕೂ ಅಂಕ ಅಷ್ಟೇ.

ಎರಡು ಪ್ರಶ್ನೆಗಳನ್ನು ಒಂದೇ ಮನೆಯಲ್ಲಿ ಒಟ್ಟಿಗೆ ಕೇಳಿದ ದೊಡ್ಡ ಪ್ರಯತ್ನವೂ ಕ್ಯಾಂಬರ್‌ವೆಲ್‌ನದೇ. 1988ರಲ್ಲಿ ಪೀಟರ್ ಮೆಗಫಿನ್ ಮತ್ತು ಸಂಗಡಿಗರು ಖಿನ್ನತೆಯ ರೋಗಿಗಳ ಜೊತೆ ಅವರ ಒಡಹುಟ್ಟಿದವರನ್ನೂ ಹೆತ್ತವರನ್ನೂ ವಿಚಾರಿಸಿದರು. ದೊಡ್ಡ ಪೆಟ್ಟು ಬಿದ್ದು ಕಾಯಿಲೆಯಾದವರ ಮನೆತನದಲ್ಲಿ ಕಾಯಿಲೆ ಕಡಿಮೆ, ಪೆಟ್ಟಿಲ್ಲದೆ ಬಿದ್ದವರ ಮನೆತನದಲ್ಲಿ ಹೆಚ್ಚು ಎಂದು ಅವರ ಎಣಿಕೆ. ಹಾಗೆ ಬರಲಿಲ್ಲ. ಮನೆಯಲ್ಲಿ ಕಾಯಿಲೆ ಹಂಚಿಕೊಂಡಂತೆ ಕಷ್ಟವೂ ಹಂಚಿಕೊಂಡಿತ್ತು. ರೋಗಿಗಳ ಬಂಧುಗಳಿಗೆ ಎದುರಾದ ಆಪತ್ತುಗಳೇ ಊರಿನ ಉಳಿದವರಿಗಿಂತ ಜಾಸ್ತಿ. ಹಳ್ಳಿಯ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು, ಕೆಲವು ಮನೆಗೆ ಗ್ರಹಚಾರ ಬಿಡುವುದೇ ಇಲ್ಲ ಎಂದು.

ಅಮೆರಿಕದ ವರ್ಜೀನಿಯಾದಲ್ಲಿ ಕೆನೆತ್ ಕೆಂಡ್ಲರ್ 2,164 ಅವಳಿ ಹೆಂಗಸರಿಂದ 1995ರಲ್ಲಿ ತೆಗೆದ ಲೆಕ್ಕ ಇನ್ನೂ ಸ್ಪಷ್ಟ. ಸಾವು, ಹಲ್ಲೆ, ದಾಂಪತ್ಯದ ಒಡಕಿನಂಥ ಭಾರಿ ಪೆಟ್ಟು ಇಲ್ಲದ ತಿಂಗಳಲ್ಲಿ ಖಿನ್ನತೆ ಶುರುವಾಗುವ ಸಾಧ್ಯತೆ, ವಂಶದ ಅಪಾಯ ತೀರ ಕಡಿಮೆ ಇದ್ದವರಿಗೆ ಶೇ. 0.5, ತೀರ ಹೆಚ್ಚು ಇದ್ದವರಿಗೆ ಶೇ. 1.1. ಪೆಟ್ಟು ಬಿದ್ದ ತಿಂಗಳಲ್ಲಿ ಅದೇ 6.2 ಮತ್ತು 14.6. ಇಲ್ಲೊಂದು ತಮಾಷೆ ಇದೆ. ಕಳೆದು ನೋಡಿದರೆ ವಂಶದ ಅಪಾಯ ಇದ್ದವರಿಗೆ ಪೆಟ್ಟು ಎರಡರಷ್ಟಕ್ಕಿಂತ ಜೋರಾಗಿ ತಗುಲಿದೆ. ಭಾಗಿಸಿ ನೋಡಿದರೆ ಇಬ್ಬರಿಗೂ ಸುಮಾರು ಹನ್ನೆರಡು ಹದಿಮೂರು ಪಟ್ಟು, ವ್ಯತ್ಯಾಸವೇ ಇಲ್ಲ. ವಂಶವೂ ಬದುಕೂ ಒಂದರೊಳಗೊಂದು ಹೆಣೆದು ಕೆಲಸ ಮಾಡುತ್ತವೋ, ಪಕ್ಕಪಕ್ಕದಲ್ಲಿ ನಿಂತು ಮಾಡುತ್ತವೋ ಎಂಬ ಪಂಡಿತರ ಜಗಳದ ಅರ್ಧ ಈ ಕಳೆಯುವ, ಭಾಗಿಸುವ ಲೆಕ್ಕದಲ್ಲಿದೆ.

ಆಮೇಲೆ ವಂಶವಾಹಿಯ ಹೆಸರೇ ಸಿಕ್ಕಿತು. ಸೆರೊಟೋನಿನ್ನನ್ನು ನರಕೋಶದೊಳಗೆ ಮರಳಿ ಎಳೆದುಕೊಳ್ಳುವ ಒಂದು ಪ್ರೋಟೀನು ಇದೆ. ಪ್ರೊಜಾಕ್‌ನಂಥ ಮಾತ್ರೆಗಳು ತಡೆಯುವುದು ಅದನ್ನೇ. ಅದರ ವಂಶವಾಹಿಯ ಮುಂಭಾಗ ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ ಎಂದು 1996ರಲ್ಲಿ ಜರ್ಮನಿಯ ಕ್ಲಾಸ್-ಪೀಟರ್ ಲೆಶ್ ಮತ್ತು ಜೊತೆಯವರು ತೋರಿಸಿದರು. ಇದನ್ನು ಬದುಕಿನ ಪೆಟ್ಟಿನ ಜೊತೆ ಇಟ್ಟು ನೋಡಿದ ಆವ್ಷಲೋಮ್ ಕ್ಯಾಸ್ಪಿ ಮತ್ತು ಟೆರ್ರಿ ಮಾಫಿಟ್ ದಂಪತಿ ಆಗ ಕೆಲಸ ಮಾಡುತ್ತಿದ್ದದ್ದು ಡೆನ್ಮಾರ್ಕ್ ಹಿಲ್‌ನಲ್ಲೇ, ಮೆಗಫಿನ್ ನಡೆಸುತ್ತಿದ್ದ ಕೇಂದ್ರದಲ್ಲಿ. ಜನ ಮಾತ್ರ ಅಲ್ಲಿಯವರಲ್ಲ, ಭೂಗೋಳದ ಆ ತುದಿಯವರು. ನ್ಯೂಜಿಲೆಂಡಿನ ಡುನೆಡಿನ್ ಊರಿನ ಕ್ವೀನ್ ಮೇರಿ ಹೆರಿಗೆ ಆಸ್ಪತ್ರೆಯಲ್ಲಿ 1972ರ ಏಪ್ರಿಲ್‌ನಿಂದ 1973ರ ಮಾರ್ಚ್‌ವರೆಗೆ ಹುಟ್ಟಿದ 1,037 ಮಕ್ಕಳನ್ನು ಫಿಲ್ ಸಿಲ್ವ ಎಂಬವರು ಮೂರನೇ ವಯಸ್ಸಿನಿಂದ ಹಿಂಬಾಲಿಸಿದ್ದರು. ಬೆಳೆದು ಯಾವ ದೇಶಕ್ಕೇ ಹೋಗಿರಲಿ, ವಿಮಾನದ ಟಿಕೆಟ್ಟು ಕೊಟ್ಟು ಕರೆಸಿ ಪರೀಕ್ಷಿಸುತ್ತಾರೆ. ಇದರ ಬೆಲೆ ನಮ್ಮಂಥವರಿಗೆ ಗೊತ್ತು. ಕಾಯಿಲೆ ಬಂದ ಮೇಲೆ ಹಿಂದಿನದನ್ನು ಕೇಳುವುದು ಬೇರೆ, ಬರುವ ಮೊದಲೇ ಕೇಳಿ ಬರೆದಿಟ್ಟಿರುವುದು ಬೇರೆ.

847 ಜನರ ಲೆಕ್ಕ 2003ರ ಜುಲೈಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 21ರಿಂದ 26ರ ವಯಸ್ಸಿನೊಳಗೆ ಕೆಲಸ, ಮನೆ, ಹಣ, ಆರೋಗ್ಯ, ಸಂಬಂಧಗಳಲ್ಲಿ ಬಂದ 14 ಬಗೆಯ ಪೆಟ್ಟುಗಳನ್ನು ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಕೇಳಿದ್ದರು. ನಾಲ್ಕು ಅಥವಾ ಹೆಚ್ಚು ಪೆಟ್ಟು ತಿಂದವರಲ್ಲಿ, ಅಪ್ಪ ಅಮ್ಮನಿಂದ ಬರುವ ಎರಡು ಪ್ರತಿಗಳಲ್ಲಿ ಒಂದಾದರೂ ಗಿಡ್ಡವಿದ್ದವರಲ್ಲಿ ಶೇ. 33 ಮಂದಿ ಖಿನ್ನತೆಗೆ ಬಿದ್ದಿದ್ದರು. ಎರಡೂ ಉದ್ದವಿದ್ದವರಲ್ಲಿ ಶೇ. 17. ಪೆಟ್ಟೇ ಬೀಳದವರಲ್ಲಿ ಗಿಡ್ಡ ಉದ್ದ ಎರಡೂ ಒಂದೇ. ನೂರಾರು ವರ್ಷದ ವ್ಯಾಜ್ಯಕ್ಕೆ ರಾಜಿಪತ್ರ ಸಿಕ್ಕಿತೆಂದು ಲೋಕವೆಲ್ಲ ಸಂಭ್ರಮಪಟ್ಟಿತು. ನಮ್ಮ ವಿಭಾಗದ ಗೋಡೆಗೂ ಆ ಲೇಖನದ ಜೆರಾಕ್ಸ್ ಅಂಟಿಸಿದ್ದರು.

ಊರೂರಿನಲ್ಲಿ ಅದನ್ನೇ ಮತ್ತೆ ಮಾಡಿ ನೋಡಿದರು. ಕೆಲವರಿಗೆ ಸಿಕ್ಕಿತು, ಕೆಲವರಿಗೆ ಇಲ್ಲ. 2009ರಲ್ಲಿ ನೀಲ್ ರಿಶ್ ಮತ್ತು ಇತರರು 14 ಅಧ್ಯಯನಗಳ 14,250 ಜನರನ್ನು ಒಟ್ಟು ಹಾಕಿದಾಗ ಪೆಟ್ಟಿಗೂ ಖಿನ್ನತೆಗೂ ಇರುವ ನಂಟು ಗಟ್ಟಿಯಾಗಿ ನಿಂತಿತು, ಗಿಡ್ಡ ಉದ್ದದ ಪಾತ್ರ ಮಾಯವಾಯಿತು. 2011ರಲ್ಲಿ 54 ಅಧ್ಯಯನಗಳನ್ನು ಜೋಡಿಸಿದ ಇನ್ನೊಂದು ತಂಡ ಇದೆ ಎಂದಿತು. 2018ರಲ್ಲಿ 38,802 ಜನರ ಮೂಲ ದಾಖಲೆಗಳನ್ನೇ ತೆಗೆದು ನೋಡಿದವರಿಗೆ ಏನೂ ಹೇಳಿಕೊಳ್ಳುವಷ್ಟು ಸಿಗಲಿಲ್ಲ. ಮರುವರ್ಷ ರಿಚರ್ಡ್ ಬಾರ್ಡರ್ ಮತ್ತು ಸಂಗಡಿಗರು ಖಿನ್ನತೆಗೆ ಹೊಣೆಯೆಂದು ಹೆಸರಾಗಿದ್ದ 18 ವಂಶವಾಹಿಗಳನ್ನು 4 ಲಕ್ಷಕ್ಕೂ ಮಿಕ್ಕ ಜನರಲ್ಲಿ ತೂಗಿ, ಗಿಡ್ಡ ಉದ್ದವೂ ಸೇರಿ ಒಂದಕ್ಕೂ ವಿಶೇಷವಿಲ್ಲ ಎಂದರು. ಈಗಿನ ತಿಳಿವಳಿಕೆಯಲ್ಲಿ ಖಿನ್ನತೆಗೆ ಒಂದು ವಂಶವಾಹಿ ಎಂಬುದಿಲ್ಲ, ಕೂದಲೆಳೆಯಷ್ಟು ಪ್ರಭಾವ ಬೀರುವ ನೂರಾರು ಇವೆ. ಅವಳಿಗಳ ಲೆಕ್ಕದಲ್ಲಿ ಆನುವಂಶಿಕತೆಯ ಪಾಲು ಸುಮಾರು ಶೇ. 37.

ಇಷ್ಟಾದ ಮೇಲೂ ನನಗೆ ಬಿಡದೆ ಕಾಡುವುದು ಮೆಗಫಿನ್ ಮತ್ತು ರುಡಾಲ್ಫ್ ಊಹರ್ 2010ರ ಹೊತ್ತಿಗೆ ಗಮನಿಸಿದ ಒಂದು ಸಂಗತಿ. ಎದುರು ಕೂತು ಮಾತಾಡಿಸಿ ಕಷ್ಟವನ್ನು ದಾಖಲಿಸಿದ, ಅಥವಾ ಹೊರಗಿನ ಸಾಕ್ಷಿಯಿದ್ದ ಅಧ್ಯಯನಗಳಲ್ಲಿ ಡುನೆಡಿನ್ನಿನ ಫಲಿತಾಂಶ ಹೆಚ್ಚಾಗಿ ಮರಳಿ ಕಂಡಿತ್ತು. ನೀವೇ ತುಂಬಿ ಕಳಿಸಿ ಎಂದು ಹಾಳೆ ಕೊಟ್ಟ ಕಡೆ ಕಂಡಿರಲಿಲ್ಲ. ದೊಡ್ಡ ಅಧ್ಯಯನಗಳೆಲ್ಲ ಹಾಳೆಯವೇ, ಏಕೆಂದರೆ ಲಕ್ಷ ಜನರ ಎದುರು ಕೂರಲು ದುಡ್ಡು ಎಲ್ಲಿದೆ? ಆ ಗಿಡ್ಡ ವಂಶವಾಹಿಯನ್ನು ಇದು ಬದುಕಿಸುತ್ತದೆ ಎಂದು ನಾನು ಹೇಳುವುದಿಲ್ಲ. ಅದರ ಕಥೆ ಮುಗಿದಂತೆಯೇ ಕಾಣುತ್ತದೆ. ಆದರೆ ಈ ನಲವತ್ತು ವರ್ಷಗಳಲ್ಲಿ ಮನೆತನದ ಪ್ರಶ್ನೆಗೆ ಉತ್ತರ ಕೊಡುವ ಯಂತ್ರ ವರ್ಷ ವರ್ಷ ಸೂಕ್ಷ್ಮವಾಯಿತು, ಬದುಕಿನ ಪ್ರಶ್ನೆಯನ್ನು ಕೇಳುವ ಕ್ರಮ ವರ್ಷ ವರ್ಷ ಒರಟಾಯಿತು. ಒಂದು ಕಡೆ ಅಕ್ಷರ ಅಕ್ಷರ ಓದುತ್ತಾರೆ, ಇನ್ನೊಂದು ಕಡೆ ಹೌದು ಅಲ್ಲ ಎಂದು ಗುರುತು ಹಾಕಿಸುತ್ತಾರೆ. ಆಮೇಲೆ ಎರಡೂ ಸೇರುವುದಿಲ್ಲವಲ್ಲ ಎಂದು ಆಶ್ಚರ್ಯಪಡುತ್ತಾರೆ.

2020ರಲ್ಲಿ ಅದೇ ಡೆನ್ಮಾರ್ಕ್ ಹಿಲ್‌ನಿಂದ ಜೊನಾಥನ್ ಕೋಲ್‌ಮನ್ ಮತ್ತು ಜೊತೆಯವರ ಲೇಖನ ಬಂತು. ಜನರ ಆರೋಗ್ಯದ ಮಾಹಿತಿಯನ್ನೂ ವಂಶವಾಹಿಯನ್ನೂ ಕೂಡಿಸಿಡುವ ಯುಕೆ ಬಯೋಬ್ಯಾಂಕಿನಲ್ಲಿ ಆನ್‌ಲೈನ್ ಪ್ರಶ್ನಾವಳಿ ತುಂಬಿದವರು 1,57,366 ಮಂದಿ. ಬಾಲ್ಯದ ಆಘಾತಕ್ಕೆ ಅದರಲ್ಲಿದ್ದದ್ದು ಐದು ಪ್ರಶ್ನೆ. ಆಘಾತ ಅನುಭವಿಸಿದೆವು ಎಂದವರಲ್ಲಿ ಖಿನ್ನತೆಯ ಮೇಲೆ ಸಾಮಾನ್ಯ ವಂಶವಾಹಿ ವ್ಯತ್ಯಾಸಗಳ ಪಾಲು ಶೇ. 24, ಇಲ್ಲ ಎಂದವರಲ್ಲಿ ಶೇ. 12. ಎರಡರಷ್ಟು! ಗಿಡ್ಡ ವಂಶವಾಹಿ ಬಿದ್ದುಹೋದರೂ ಲೂಯಿಸನ ಮಾತು ಬೇರೆ ವೇಷದಲ್ಲಿ ಮರಳಿತೇ? ಇರಬಹುದು. ಆದರೆ ವಂಶಸಹಜವಾದ ಯಾವುದೋ ಸ್ವಭಾವವೇ ಕಷ್ಟವನ್ನು ನೆನಪಿಟ್ಟುಕೊಂಡು ಹೇಳುವಂತೆ ಮಾಡುತ್ತಿರಬಹುದು ಎಂಬ ಅನುಮಾನವೂ ಉಳಿಯುತ್ತದೆ. ಬ್ರೌನ್ ಟೇಪ್ ರೆಕಾರ್ಡರ್ ಇಟ್ಟುಕೊಂಡು ಬಡಿದಾಡಿದ್ದು ಇದೇ ಅನುಮಾನದ ಜೊತೆಗೆ.

ಈಗ ಈ ಕೆಲಸ ನಮ್ಮಲ್ಲೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿ ನಡೆಸಿದ ಸಿ-ವೇದ ಎಂಬ ಯೋಜನೆಯಲ್ಲಿ ಆರರಿಂದ ಇಪ್ಪತ್ತಮೂರು ವಯಸ್ಸಿನ ಸುಮಾರು 9,000 ಮಕ್ಕಳು ಮತ್ತು ಯುವಜನರನ್ನು ಸೇರಿಸಿಕೊಂಡಿದ್ದಾರೆ. ಬೆಂಗಳೂರು, ಮೈಸೂರು, ಋಷಿವ್ಯಾಲಿ, ಚಂಡೀಗಢ, ಕೋಲ್ಕತ್ತ, ಇಂಫಾಲಗಳ ಮಕ್ಕಳು. ವ್ಯಸನ ಮತ್ತು ನಡತೆಯ ತೊಂದರೆಗಳು ಅದರ ಮುಖ್ಯ ಗುರಿ, ಆದರೆ ವಂಶವಾಹಿ, ಮಿದುಳಿನ ಚಿತ್ರ, ಬಾಲ್ಯದ ಕಷ್ಟ ಎಲ್ಲವೂ ಒಂದೇ ಕಡತದಲ್ಲಿದೆ, ಅದೂ ಬಹುಪಾಲು ಜನರ ವಿಷಯದಲ್ಲಿ ಕಾಯಿಲೆ ಬರುವ ಮೊದಲೇ. ಇಂಥ ಯೋಜನೆಗಳಲ್ಲಿ ರಕ್ತವನ್ನು ಮೈನಸ್ ಎಂಬತ್ತು ಡಿಗ್ರಿಯಲ್ಲಿ ದಶಕಗಟ್ಟಲೆ ಇಡಬಹುದು, ಯಂತ್ರ ಸುಧಾರಿಸಿದಾಗ ಮತ್ತೆ ತೆಗೆದು ಓದಬಹುದು. ಆ ಮಕ್ಕಳ ಮನೆಗೆ ಇಪ್ಪತ್ತೈದನೇ ವಯಸ್ಸಿನಲ್ಲಿ, ಮೂವತ್ತನೇ ವಯಸ್ಸಿನಲ್ಲಿ ಮತ್ತೆ ಹೋಗಿ ಕೂತು ಕೇಳಬೇಕಾದವರನ್ನು ಮಾತ್ರ ಹಾಗೆ ಇಡಲಾಗದು. ಅವರು ನನ್ನ ಕಸುಬಿನ ಹುಡುಗ ಹುಡುಗಿಯರು. ವರ್ಷ ವರ್ಷದ ಕಾಂಟ್ರಾಕ್ಟಿನ ಮೇಲೆ ಇರುವವರು. ಅನುದಾನ ಮುಗಿದ ತಿಂಗಳು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ.